ಅಳಿವೆ ದಾಟಲು ಉಬ್ಬರ–ಇಳಿತದ ಲೆಕ್ಕ: ಆ್ಯಪ್, ಪ್ಲಾಟರ್, ಎಕೋ ಸೌಂಡರ್‌ಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು?

ಕಾಸರಕೋಡು ದೋಣಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೊನ್ನಾವರದ ಬಳಿ, ಶರಾವತಿ ನದಿ ಕಡಲು ಸೇರುವ ಅಳಿವೆಯ ದಕ್ಷಿಣ ದಡದಲ್ಲಿರುವ ಕಾಸರಕೋಡಿನಿಂದ ನಾನು ಮತ್ತು ನನ್ನ ಭಾವ ಸೇರಿ ಔಟ್‌ಬೋರ್ಡ್ ಎಂಜಿನ್ ಇರುವ ಫೈಬರ್ ದೋಣಿಯೊಂದನ್ನು ನಡೆಸುತ್ತೇವೆ. ಅಳಿವೆಯ ಬಾಯಲ್ಲಿ ಮರಳುದಿಬ್ಬ ಜಾಗ ಬದಲಿಸುತ್ತಲೇ ಇರುವುದರಿಂದ, ನೀರು ಸಾಕಷ್ಟು ಏರಿರುವ ಹೊತ್ತನ್ನು ನೋಡಿಕೊಂಡೇ ನಾವು ಹೊರಗೆ ಹೋಗಬೇಕು, ಹಾಗೆಯೇ ಒಳಗೆ ಬರಬೇಕು. ಇಷ್ಟು ಕಾಲ ತಿಥಿ ನೋಡಿ ಅಂದಾಜು ಮಾಡುತ್ತಿದ್ದೆವು. ಈಗ ಮೊಬೈಲಿನಲ್ಲಿ ಉಬ್ಬರದ ಎರಡು ಆ್ಯಪ್‌ಗಳಿವೆ, ದೋಣಿಯಲ್ಲಿ ನಾವಿರುವ ಜಾಗವನ್ನು ನಕ್ಷೆಯ ಮೇಲೆ ತೋರಿಸುವ ಒಂದು ಚಿಕ್ಕ ಜಿಪಿಎಸ್ ಪ್ಲಾಟರ್ ಮತ್ತು ಶಬ್ದ ಕಳಿಸಿ ನೀರಿನ ಆಳ ಅಳೆಯುವ ಎಕೋ ಸೌಂಡರ್ ಇವೆ.

ತೊಂದರೆ ಏನೆಂದರೆ, ಈ ಎರಡು ಆ್ಯಪ್‌ಗಳು ಒಂದೇ ದಿನಕ್ಕೆ ಒಂದೇ ಸಮಯವನ್ನು ಹೇಳುವುದಿಲ್ಲ. ಪೂರ್ಣ ಉಬ್ಬರದ ಹೊತ್ತಿನಲ್ಲಿ ಕೆಲವೊಮ್ಮೆ ಅರ್ಧ ಗಂಟೆಯ ವ್ಯತ್ಯಾಸವಿರುತ್ತದೆ. ಎತ್ತರದ ಅಂಕಿಯೂ ಬೇರೆ ಬೇರೆ. ಪ್ಲಾಟರ್ ತೋರಿಸುವುದು ಕಾರವಾರದ ಲೆಕ್ಕವನ್ನು. ಇವುಗಳಲ್ಲಿ ಯಾವುದನ್ನು ನಂಬಬೇಕು? "1.3 ಮೀಟರ್" ಎಂದು ಪರದೆಯ ಮೇಲೆ ಬಂದರೆ ಮರಳುದಿಬ್ಬದ ಮೇಲೆ ನಿಜವಾಗಿ ಎಷ್ಟು ನೀರಿದೆ ಎಂದು ತಿಳಿಯುವುದು ಹೇಗೆ? ನೆಟ್‌ವರ್ಕ್ ಇಲ್ಲದ ಕಡೆ ಈ ಆ್ಯಪ್‌ಗಳು ಕೆಲಸ ಮಾಡುತ್ತವೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ನಿವೃತ್ತ ಸರ್ವೇಯರ್, ಮಂಗಳೂರು

ನಿಮ್ಮ ಪ್ರಶ್ನೆಗಳು ಬಹಳ ಮುಖ್ಯವಾದವು. ಬಂದರುಗಳ ಆಳ ಅಳೆಯುವ ಕೆಲಸದಲ್ಲಿ ಬಹುಕಾಲ ಕಳೆದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ್ಯಪ್ ಆಗಲಿ, ಪ್ಲಾಟರ್ ಆಗಲಿ ಸಮುದ್ರವನ್ನು ನೋಡುತ್ತಿಲ್ಲ. ಅದು ಚಂದ್ರ ಮತ್ತು ಸೂರ್ಯರ ಸೆಳೆತದಿಂದ ನೀರು ಎಷ್ಟು ಏರಬೇಕು ಎಂಬ ಲೆಕ್ಕವನ್ನು ಮಾತ್ರ ಮಾಡಿ ತೋರಿಸುತ್ತದೆ. ಒಂದು ಬಂದರಿನಲ್ಲಿ ನೀರಿನ ಮಟ್ಟವನ್ನು ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ಅಳೆದು, ಆ ಏರಿಳಿತವನ್ನು ಬೇರೆ ಬೇರೆ ಅವಧಿಯ ಹಲವು ಅಲೆಗಳಾಗಿ ಬಿಡಿಸುತ್ತಾರೆ. ಚಂದ್ರನಿಂದಾಗುವ ಮುಖ್ಯ ಅಲೆಗೆ 12 ಗಂಟೆ 25 ನಿಮಿಷ, ಸೂರ್ಯನಿಂದಾಗುವ ಅಲೆಗೆ ಸರಿಯಾಗಿ 12 ಗಂಟೆ, ದಿನಕ್ಕೊಮ್ಮೆ ಬರುವ ಇನ್ನೆರಡು ಅಲೆಗಳಿಗೆ ಸುಮಾರು 24 ಮತ್ತು 26 ಗಂಟೆಗಳ ಅವಧಿ ಇದೆ. ಇವುಗಳ ಜೊತೆ ಚಿಕ್ಕವು ಇನ್ನೂ ಹಲವಿವೆ. ಪ್ರತಿಯೊಂದರ ಎತ್ತರ ಮತ್ತು ಹೊತ್ತು ಗೊತ್ತಾದರೆ ಅವನ್ನು ಮತ್ತೆ ಕೂಡಿಸಿ ಮುಂದಿನ ಯಾವ ದಿನದ ಮಟ್ಟವನ್ನಾದರೂ ಹೇಳಬಹುದು. ಈ ವಿಧಾನ ಹೊಸದಲ್ಲ. 1870ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಕೆಲ್ವಿನ್ ಈ ಕೂಡುವಿಕೆಯನ್ನು ರಾಟೆ ಮತ್ತು ಹಲ್ಲುಚಕ್ರಗಳಿಂದ ಮಾಡುವ ಯಂತ್ರವನ್ನು ರೂಪಿಸಿದರು. 1879ರಲ್ಲಿ ಭಾರತದ ಬಂದರುಗಳಿಗಾಗಿಯೇ ಎಡ್ವರ್ಡ್ ರಾಬರ್ಟ್ಸ್ ಅವರ ಮೇಲ್ವಿಚಾರಣೆಯಲ್ಲಿ ಲಂಡನ್ನಿನಲ್ಲಿ ಅಂಥದ್ದೊಂದು ಯಂತ್ರ ತಯಾರಾಯಿತು. ಇಂದು ನಿಮ್ಮ ಮೊಬೈಲ್ ಕ್ಷಣಾರ್ಧದಲ್ಲಿ ಮಾಡುವುದು ಅದೇ ಕೂಡುವಿಕೆಯನ್ನು. ಆದ್ದರಿಂದ ಬಂದರಿನ ಅಂಕಿಗಳು ಮೊಬೈಲಿನಲ್ಲಿ ಉಳಿದಿದ್ದರೆ ನೆಟ್‌ವರ್ಕ್ ಬೇಕಾಗಿಲ್ಲ. ಕೆಲವು ಆ್ಯಪ್‌ಗಳು ಮಾತ್ರ ಲೆಕ್ಕವನ್ನು ದೂರದ ಸರ್ವರ್‌ನಲ್ಲಿ ಮಾಡಿ ತರಿಸಿಕೊಳ್ಳುತ್ತವೆ. ದಡದಲ್ಲಿಯೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮುಂದಿನ ವಾರದ ಉಬ್ಬರವನ್ನು ಕೇಳಿ ನೋಡಿ. ಉತ್ತರ ಬಂದರೆ ಆ ಆ್ಯಪ್ ಕಡಲಿನಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಎರಡು ಆ್ಯಪ್‌ಗಳ ನಡುವೆ ವ್ಯತ್ಯಾಸ ಬರುವುದಕ್ಕೆ ಸಾಮಾನ್ಯ ಕಾರಣವೆಂದರೆ ಅವುಗಳ ಮೂಲ ಬೇರೆಯಾಗಿರುವುದು. ಒಂದು ಆ್ಯಪ್ ಕಾರವಾರದ ಅಳತೆಯಿಂದ ಲೆಕ್ಕ ಹಾಕುತ್ತಿರಬಹುದು. ಹೊನ್ನಾವರಕ್ಕೆ ಕಾರವಾರ ಅರವತ್ತು ಕಿಲೋಮೀಟರಿಗೂ ದೂರ, ಮಂಗಳೂರು ನೂರೈವತ್ತು ಕಿಲೋಮೀಟರಿಗೂ ದೂರ. ಇನ್ನೊಂದು ಆ್ಯಪ್ ಉಪಗ್ರಹಗಳ ಅಳತೆಯನ್ನು ಆಧರಿಸಿದ ಜಾಗತಿಕ ಮಾದರಿಯಿಂದ ಅಂಕಿಯನ್ನು ತೆಗೆಯುತ್ತಿರಬಹುದು. ಅಂಥ ಮಾದರಿಗಳಲ್ಲಿ ಹೆಸರಾದ ಒಂದರ ಚೌಕವೊಂದು ಸುಮಾರು ಏಳು ಕಿಲೋಮೀಟರ್ ಅಗಲವಿದೆ. ತೆರೆದ ಸಮುದ್ರಕ್ಕೆ ಅದು ಬಹಳ ನಿಖರವಾದರೂ ಶರಾವತಿಯ ಅಳಿವೆ ಆ ಚೌಕದೊಳಗೆ ಒಂದು ಗೆರೆಯಷ್ಟೂ ಕಾಣುವುದಿಲ್ಲ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಯಾವ ಕೇಂದ್ರದ ಹೆಸರಿದೆ, ಸಮಯ ಭಾರತೀಯ ಕಾಲಮಾನದಲ್ಲಿದೆಯೇ ಎಂಬುದನ್ನು ತಪ್ಪದೆ ನೋಡಬೇಕು. ವ್ಯತ್ಯಾಸ ಐದೂವರೆ ಗಂಟೆಯಾಗಿದ್ದರೆ ಅದು ಗ್ರೀನಿಚ್ ಕಾಲಮಾನದ ತೊಡಕು.

ಆದರೆ ಪೂರ್ಣ ಉಬ್ಬರದ ಹೊತ್ತಿನಲ್ಲಿ ಅರ್ಧ ಗಂಟೆಯ ವ್ಯತ್ಯಾಸವಿದೆ ಎಂದು ನೀವು ಅಷ್ಟು ಚಿಂತಿಸಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಏರಿಳಿತದ ಅಂತರ ಚಿಕ್ಕದು. ಗುಜರಾತಿನ ಭಾವನಗರದಲ್ಲಿ ಅದು ಹತ್ತು ಮೀಟರನ್ನು ಮೀರಿದರೆ, ಮಂಗಳೂರಿನಲ್ಲಿ ದೊಡ್ಡ ಉಬ್ಬರದ ದಿನವೂ ಸುಮಾರು 1.2 ಮೀಟರ್, ಕಾರವಾರದಲ್ಲಿ ಅದಕ್ಕಿಂತ ತುಸು ಹೆಚ್ಚು. 1.2 ಮೀಟರ್ ಅಂತರದ ದಿನ ಪೂರ್ಣ ಉಬ್ಬರಕ್ಕೆ ಅರ್ಧ ಗಂಟೆ ಮೊದಲು ಅಥವಾ ಆಮೇಲೆ ನೀರು ಕಡಿಮೆಯಿರುವುದು ಎರಡು ಸೆಂಟಿಮೀಟರ್ ಮಾತ್ರ, ಏಕೆಂದರೆ ಆ ಹೊತ್ತಿನಲ್ಲಿ ಏರಿಕೆ ಬಹುತೇಕ ನಿಂತಿರುತ್ತದೆ. ಉಬ್ಬರ ಮತ್ತು ಇಳಿತದ ನಡುಮಧ್ಯದಲ್ಲಿ ಮಾತ್ರ ಅದೇ ಅರ್ಧ ಗಂಟೆಗೆ ಹದಿನೈದು ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಹಾಗಾಗಿ ಸಮಯದ ಸಣ್ಣ ತಪ್ಪು ನಿಮಗೆ ತೊಂದರೆ ಕೊಡುವುದು ನೀವು ನಡುಹೊತ್ತಿನಲ್ಲಿ ದಾಟಲು ಹೊರಟಾಗ.

ಇನ್ನೊಂದು ವಿಷಯವನ್ನು ಗಮನಿಸಿ. ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರಗಳಿದ್ದರೂ, ದಿನಕ್ಕೊಮ್ಮೆ ಬರುವ ಅಲೆಗಳ ಕಾರಣದಿಂದ ಅವೆರಡೂ ಸಮಾನವಲ್ಲ. ಒಂದು ಎತ್ತರವಾದರೆ ಇನ್ನೊಂದು ಗಿಡ್ಡ. ಬೆಳಗಿನ ಉಬ್ಬರದಲ್ಲಿ ಸಲೀಸಾಗಿ ದಾಟಿದ ದೋಣಿಗೆ ಸಂಜೆಯ ಉಬ್ಬರದಲ್ಲಿ ನೀರು ಸಾಲದೆ ಹೋಗಬಹುದು. ಬರೀ ತಿಥಿಯ ಲೆಕ್ಕಕ್ಕೆ ಇದು ಸಿಗುವುದಿಲ್ಲ, ಆ್ಯಪ್‌ನ ಲೆಕ್ಕಕ್ಕೆ ಸಿಗುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರತಿ ವರ್ಷ ಮುಂಚಿತವಾಗಿ ಪ್ರಕಟಿಸುವ ಉಬ್ಬರದ ಪಟ್ಟಿಯಲ್ಲಿ ಪ್ರಮುಖ ಬಂದರುಗಳ ಅಧಿಕೃತ ಅಂಕಿಗಳಿರುತ್ತವೆ. ಅದರ ಜೊತೆ ಕೆಲವು ದಿನ ಹೋಲಿಸಿ, ಹೆಚ್ಚು ಹೊಂದುವ ಆ್ಯಪ್ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಗಂಗೊಳ್ಳಿ ತಾಂಡೇಲ

ಸರ್ವೇಯರ್ ಅವರು ಹೇಳಿದ್ದು ಸರಿಯಾಗಿದೆ. ನಾನು ಪಂಚಗಂಗಾವಳಿ ಅಳಿವೆಯಲ್ಲಿ ಬೋಟ್ ನಡೆಸುವವನು, ಆದ್ದರಿಂದ ಅಳಿವೆಯ ಬಾಯಿಯ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ.

ನೀರಿನ ಎತ್ತರ ಒಂದೇ ನೋಡಿ ಅಳಿವೆ ದಾಟಬಾರದು. ನೀರು ಯಾವ ಕಡೆಗೆ ಹರಿಯುತ್ತಿದೆ ಎಂಬುದು ಅಷ್ಟೇ ಮುಖ್ಯ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಜೋರಾಗಿ ಹೊರಗೆ ಓಡುತ್ತದೆ. ಎದುರಿನಿಂದ ಕಡಲಿನ ತೆರೆ ಬಂದರೆ ಎರಡೂ ಸೇರುವಲ್ಲಿ ತೆರೆಗಳ ನಡುವಿನ ಅಂತರ ಕುಗ್ಗಿ, ತೆರೆ ಕಡಿದಾಗಿ, ಮರಳುದಿಬ್ಬದ ಮೇಲೆ ಒಡೆಯುತ್ತದೆ. ಅದೇ ತೆರೆ ಭರತ (ಉಬ್ಬರ) ಏರುವ ಹೊತ್ತಿನಲ್ಲಿ ದೋಣಿಯ ಕೆಳಗೆ ಸುಮ್ಮನೆ ಹಾದುಹೋಗುತ್ತದೆ. ಆ್ಯಪ್‌ನಲ್ಲಿ ಇಳಿತದ ಮೊದಲ ಗಂಟೆ ಮತ್ತು ಏರಿಕೆಯ ಕೊನೆಯ ಗಂಟೆ ಎರಡಕ್ಕೂ ಒಂದೇ ಎತ್ತರ ತೋರಿಸುತ್ತಿದ್ದರೂ ನಮ್ಮ ಪಾಲಿಗೆ ಅವೆರಡು ಒಂದೇ ಅಲ್ಲ. ಭರತ ಪೂರ್ಣವಾಗುವುದಕ್ಕೆ ಒಂದು, ಒಂದೂವರೆ ಗಂಟೆ ಮೊದಲು ದಾಟುವ ಹಾಗೆ ಹೊರಡುವುದು ನಮ್ಮ ಕಡೆಯ ಪದ್ಧತಿ. ಆಗ ದೋಣಿಯ ತಳ ಮರಳಿಗೆ ತಾಗಿದರೂ ಏರುವ ನೀರೇ ಅದನ್ನು ಎತ್ತಿ ಬಿಡುತ್ತದೆ. ಇಳಿತದಲ್ಲಿ ತಾಗಿದರೆ ದೋಣಿ ಅಲ್ಲಿಯೇ ಕೂರುತ್ತದೆ, ತೆರೆ ಅದನ್ನು ಅಡ್ಡ ತಿರುಗಿಸುತ್ತದೆ.

ನಿಮ್ಮ ಶರಾವತಿಯಲ್ಲಿ ಇನ್ನೊಂದು ಸಂಗತಿ ಇದೆ. ಮೇಲೆ ಗೇರುಸೊಪ್ಪದಿಂದ ವಿದ್ಯುತ್ ಉತ್ಪಾದನೆಯ ನೀರು ಬೇಸಿಗೆಯಲ್ಲಿಯೂ ಕೆಳಗೆ ಬರುತ್ತಿರುತ್ತದೆ. ಮಳೆಗಾಲದಲ್ಲಂತೂ ಹೊಳೆ ತುಂಬಿ ಹರಿದರೆ ಇಳಿತದ ಅವಧಿ ಉದ್ದವಾಗಿ, ಭರತದ ಅವಧಿ ಚಿಕ್ಕದಾಗುತ್ತದೆ. ಕೆಲವು ದಿನ ಮೇಲ್ಪದರದ ನೀರು ಒಳಗೆ ತಿರುಗುವುದೇ ಇಲ್ಲ. ಇದು ಯಾವ ಆ್ಯಪ್‌ನಲ್ಲಿಯೂ ಬರುವುದಿಲ್ಲ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದರೂ ನಾಡದೋಣಿಯವರು ಆ ಕಾಲದಲ್ಲಿಯೇ ಅಳಿವೆ ದಾಟುವುದು ಹೆಚ್ಚು, ಆದ್ದರಿಂದ ಅವರು ಇದನ್ನು ಬಹಳ ಜಾಗ್ರತೆಯಿಂದ ನೋಡಬೇಕು.

ಉಬ್ಬರದ ಆ್ಯಪ್ ಜೊತೆಗೆ ತೆರೆಯ ಮುನ್ಸೂಚನೆಯನ್ನೂ ನೋಡಿಯೇ ಹೊರಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ದಿಕ್ಕು, ಅವಧಿ ಇವನ್ನು ಮುಂಚಿತವಾಗಿ ಕೊಡುತ್ತದೆ. 2020ರಿಂದ ಚಿಕ್ಕ ದೋಣಿಗಳು ಮಗುಚುವ ಅಪಾಯವಿರುವ ಕಡೆಗಳ ಬಗ್ಗೆ ಪ್ರತ್ಯೇಕ ಎಚ್ಚರಿಕೆಯನ್ನೂ ಕೊಡುತ್ತಿದೆ. ಗಾಳಿಯೇ ಇಲ್ಲದ ಬಿಸಿಲಿನ ದಿನವೂ ದಕ್ಷಿಣದ ದೂರದ ಸಾಗರದಿಂದ ಉದ್ದನೆಯ ತೆರೆಗಳು ಬಂದು ದಡಕ್ಕೆ ನುಗ್ಗುವುದುಂಟು. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಅಂಥ ತೆರೆ ದೊಡ್ಡ ಭರತದ ದಿನವೇ ಬಂದರೆ ಅಳಿವೆಯ ಬಾಯಿಗೆ ಹೋಗಲೇಬಾರದು.

ಕಾಸರಕೋಡು ದೋಣಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಬೆಳಗಿನ ಮತ್ತು ಸಂಜೆಯ ಉಬ್ಬರದ ವ್ಯತ್ಯಾಸ ನಮ್ಮ ಅನುಭವಕ್ಕೆ ಬಂದಿತ್ತು, ಕಾರಣ ಈಗ ತಿಳಿಯಿತು. ನನ್ನ ಎರಡನೆಯ ಪ್ರಶ್ನೆ ಮಾತ್ರ ಉಳಿದಿದೆ. ಪ್ಲಾಟರ್‌ನ ನಕ್ಷೆಯಲ್ಲಿ ಅಳಿವೆಯ ಬಾಯಿಗೆ ಒಂದು ಆಳ ಬರೆದಿದೆ, ಎಕೋ ಸೌಂಡರ್ ಬೇರೊಂದು ಆಳ ತೋರಿಸುತ್ತದೆ, ಆ್ಯಪ್ ಮೂರನೆಯ ಅಂಕಿ ಕೊಡುತ್ತದೆ. ಈ ಮೂರನ್ನೂ ಒಂದಕ್ಕೊಂದು ಹೊಂದಿಸುವುದು ಹೇಗೆಂದು ದಯವಿಟ್ಟು ಉದಾಹರಣೆಯೊಂದಿಗೆ ತಿಳಿಸುವಿರಾ?

ನಿವೃತ್ತ ಸರ್ವೇಯರ್, ಮಂಗಳೂರು

ಖಂಡಿತ. ಈ ಮೂರು ಅಂಕಿಗಳನ್ನು ಒಂದೇ ಮಟ್ಟದಿಂದ ಅಳೆದಿರುವುದಿಲ್ಲ, ಅದಕ್ಕಾಗಿಯೇ ಅವು ಜಗಳವಾಡುವಂತೆ ಕಾಣುತ್ತವೆ.

ನಕ್ಷೆಯ ಆಳವನ್ನು ಒಂದು ಶೂನ್ಯಮಟ್ಟದಿಂದ ಕೆಳಗೆ ಅಳೆದಿರುತ್ತಾರೆ. ದೊಡ್ಡ ಇಳಿತದಲ್ಲಿಯೂ ನೀರು ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ಹೋಗದಷ್ಟು ತಗ್ಗಿನಲ್ಲಿ ಆ ಮಟ್ಟವನ್ನು ಇಡುತ್ತಾರೆ. ಭಾರತದ ಬಂದರುಗಳಿಗೆ ಇದನ್ನು ಗೊತ್ತುಮಾಡುವ ಸೂತ್ರವನ್ನು ಕೊಟ್ಟವರು ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್. ನಾನು ಮೊದಲು ಹೇಳಿದ ನಾಲ್ಕು ಮುಖ್ಯ ಅಲೆಗಳ ಎತ್ತರವನ್ನು ಕೂಡಿ ಸರಾಸರಿ ಸಮುದ್ರ ಮಟ್ಟದಿಂದ ಕಳೆದರೆ ಆ ಶೂನ್ಯಮಟ್ಟ ಸಿಗುತ್ತದೆ. ಪಟ್ಟಿಯ 1.3 ಮೀಟರ್ ಎಂದರೆ ಆ ಶೂನ್ಯಮಟ್ಟದ ಮೇಲೆ 1.3 ಮೀಟರ್. ಆದರೆ ಕೆಲವು ಆ್ಯಪ್‌ಗಳು ಸರಾಸರಿ ಸಮುದ್ರ ಮಟ್ಟದಿಂದ ಅಳೆದು ತೋರಿಸುತ್ತವೆ. ಇಳಿತಕ್ಕೆ ಪ್ರತಿದಿನವೂ ಮೈನಸ್ ಅಂಕಿ ಬರುತ್ತಿದ್ದರೆ ನಿಮ್ಮ ಆ್ಯಪ್ ಆ ಬಗೆಯದು ಎಂದು ತಿಳಿಯಿರಿ. ಅದನ್ನು ನಕ್ಷೆಯ ಆಳದ ಜೊತೆ ಕೂಡಿಸಬಾರದು.

ಎಕೋ ಸೌಂಡರ್ ತನ್ನ ಸೆನ್ಸರ್ ಇರುವ ಜಾಗದಿಂದ ಕೆಳಗಿನ ಆಳವನ್ನು ಅಳೆಯುತ್ತದೆ. ಸೆನ್ಸರ್ ನೀರಿನ ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗಿದ್ದರೆ ಅದನ್ನು ಸೆಟ್ಟಿಂಗ್‌ನಲ್ಲಿ ಸೇರಿಸಿ, ಪರದೆಯ ಮೇಲೆ ಮೇಲ್ಮೈಯಿಂದ ತಳದವರೆಗಿನ ಪೂರ್ಣ ಆಳ ಬರುವಂತೆ ಮಾಡಿಕೊಳ್ಳಿ. ಗಳ (ಉದ್ದನೆಯ ಕೋಲು) ಇಳಿಸಿ ಒಮ್ಮೆ ತಾಳೆ ನೋಡಿದರೆ ಸಾಕು.

ಈಗ ಲೆಕ್ಕ. ಅಳಿವೆಯ ಅತಿ ಕಡಿಮೆ ಆಳದ ಜಾಗದಲ್ಲಿ ಎಕೋ ಸೌಂಡರ್ 1.7 ಮೀಟರ್ ತೋರಿಸಿದಾಗ ಪಟ್ಟಿಯ ಪ್ರಕಾರ ಉಬ್ಬರ 0.9 ಮೀಟರ್ ಇತ್ತು ಎಂದಿಟ್ಟುಕೊಳ್ಳಿ. ಕಳೆದರೆ 0.8 ಮೀಟರ್, ಅದು ಆ ಜಾಗದ ಮೂಲ ಆಳ. ಇದನ್ನು ಪ್ಲಾಟರ್‌ನಲ್ಲಿ ಆ ಬಿಂದುವಿನ ಹೆಸರಾಗಿಯೇ, ದಿನಾಂಕದೊಂದಿಗೆ ಬರೆದಿಡಿ. ನಾಳೆಯ ಉಬ್ಬರ 1.3 ಮೀಟರ್ ಆದರೆ ಅಲ್ಲಿ 2.1 ಮೀಟರ್ ನೀರು ನಿರೀಕ್ಷಿಸಬಹುದು. ಪ್ರೊಪೆಲ್ಲರ್‌ನ ತುದಿ ನೀರಿನೊಳಗೆ 0.7 ಮೀಟರ್ ಇಳಿಯುತ್ತದೆ ಎಂದಾದರೆ 1.4 ಉಳಿಯಿತು. ಒಂದು ಮೀಟರ್ ಎತ್ತರದ ತೆರೆ ಇದ್ದರೆ ತೆರೆಯ ತಗ್ಗಿನಲ್ಲಿ ದೋಣಿ ಅರ್ಧ ಮೀಟರ್ ಕೆಳಗೆ ಬರುವುದರಿಂದ 0.9 ಉಳಿಯಿತು. ಅದರಲ್ಲಿ ಇನ್ನೂ ಅರ್ಧ ಮೀಟರನ್ನು ಮುಟ್ಟದ ಮೀಸಲು ಎಂದು ತೆಗೆದಿಟ್ಟರೆ ನಿಮ್ಮ ಕೈಯಲ್ಲಿರುವುದು 40 ಸೆಂಟಿಮೀಟರ್ ಮಾತ್ರ.

ಆ ಮೀಸಲು ದೊಡ್ಡದೆಂದು ಅನ್ನಿಸಬಹುದು. ಆದರೆ ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಏರಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ತಗ್ಗುತ್ತದೆ. ದಡದಿಂದ ಹೊರಗೆ ಬೀಸುವ ಗಾಳಿಯೂ ನೀರನ್ನು ತಗ್ಗಿಸುತ್ತದೆ. ಮುಂಗಾರಿನ ಕೊನೆಯ ಭಾಗದಲ್ಲಿ ಪಶ್ಚಿಮ ಕರಾವಳಿಯ ಸಮುದ್ರ ಮಟ್ಟವೇ ಡಿಸೆಂಬರ್‌ಗಿಂತ ಹತ್ತಿಪ್ಪತ್ತು ಸೆಂಟಿಮೀಟರ್ ತಗ್ಗಿರುತ್ತದೆ. ಇವೆಲ್ಲ ಒಂದೇ ದಿನ ಸೇರಿದರೆ ಮೀಸಲಿನ ಅರ್ಧ ಹೋಯಿತು. ಇನ್ನು ನಕ್ಷೆಯಲ್ಲಿ ಅಚ್ಚಾದ ಅಳಿವೆಯ ಆಳವನ್ನು ದಯವಿಟ್ಟು ನಂಬಬೇಡಿ. ನಕ್ಷೆಯ ಅಳತೆ ನಡೆದ ಮೇಲೆ ಎಷ್ಟೋ ಮಳೆಗಾಲಗಳು ಆ ಮರಳನ್ನು ಸರಿಸಿವೆ.

ಡೆಕ್ ಆಫೀಸರ್, ಕುಮಟಾ

ನಾನು ವ್ಯಾಪಾರಿ ಹಡಗಿನಲ್ಲಿ ಕೆಲಸ ಮಾಡುತ್ತೇನೆ. ದೊಡ್ಡ ಹಡಗುಗಳಲ್ಲಿ ಎಲೆಕ್ಟ್ರಾನಿಕ್ ನಕ್ಷೆಯ ವ್ಯವಸ್ಥೆ ಎಷ್ಟೇ ಮುಂದುವರಿದಿದ್ದರೂ, ಬಂದರು ಪ್ರವೇಶಿಸುವ ಮೊದಲು ತಳದ ಕೆಳಗೆ ಎಷ್ಟು ನೀರು ಉಳಿಯುತ್ತದೆ ಎಂಬುದನ್ನು ಸರ್ವೇಯರ್ ಅವರು ಬರೆದ ಇದೇ ಕ್ರಮದಲ್ಲಿ ಕಾಗದದ ಮೇಲೆ ಲೆಕ್ಕ ಹಾಕಿ ಸಹಿ ಮಾಡುತ್ತೇವೆ. ಚಿಕ್ಕ ದೋಣಿಯವರೂ ಪ್ರತಿ ಸಲ ಇದನ್ನು ಬರೆದು ನೋಡಬೇಕೆಂದು ನನ್ನ ಆಗ್ರಹ. ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರದಿಂದ ಉಬ್ಬರವನ್ನು ತಿಳಿಯಬಹುದೆಂದು ಕೆಲವರು ಭಾವಿಸುತ್ತಾರೆ. ಅದರ ತಪ್ಪು ಹಲವು ಮೀಟರ್‌ಗಳಷ್ಟಿರಬಹುದಾದ್ದರಿಂದ ನಮ್ಮ ಕರಾವಳಿಯ ಉಬ್ಬರಕ್ಕೆ ಅದು ಪ್ರಯೋಜನವಿಲ್ಲ.

ಸೆನ್ಸರ್ ಕೆಲಸದವನು

ಮೇಲಿನ ಉತ್ತರಗಳನ್ನು ಓದಿದ ಮೇಲೆ ಒಂದು ಸಲಹೆ ಕೊಡಬೇಕೆನಿಸಿತು. ಸಮಸ್ಯೆಯ ಮೂಲ ಹೊನ್ನಾವರದ ಅಳಿವೆಗೇ ಸೇರಿದ ಅಂಕಿಗಳು ನಿಮ್ಮ ಆ್ಯಪ್‌ನಲ್ಲಿ ಇಲ್ಲದಿರುವುದು. ಅದನ್ನು ನೀವೇ ಪಡೆಯಬಹುದು, ಮತ್ತು ಅದು ಇಡೀ ದಕ್ಕೆಯ (ದೋಣಿ ನಿಲ್ಲಿಸುವ ಕಟ್ಟೆಯ) ದೋಣಿಗಳಿಗೆ ಉಪಯೋಗವಾಗುವ ಕೆಲಸ.

ದಕ್ಕೆಯ ಒಂದು ಕಂಬಕ್ಕೆ ಅಗಲವಾದ ಪಿವಿಸಿ ಪೈಪನ್ನು ನೆಟ್ಟಗೆ ಕಟ್ಟಿ, ಅದರ ಕೆಳಗಿನ ತುದಿಯನ್ನು ಮುಚ್ಚಿ ಒಂದು ಸಣ್ಣ ತೂತು ಮಾತ್ರ ಬಿಡಬೇಕು. ಹೊರಗಿನ ಚಿಕ್ಕ ತೆರೆಗಳು ಒಳಗಿನ ನೀರನ್ನು ಅಲುಗಿಸುವುದಿಲ್ಲ, ಉಬ್ಬರದ ನಿಧಾನದ ಏರಿಕೆ ಮಾತ್ರ ಒಳಗೆ ಬರುತ್ತದೆ. ಪೈಪಿನ ಮೇಲಿನಿಂದ ನೀರಿನವರೆಗಿನ ದೂರವನ್ನು ಅಲ್ಟ್ರಾಸಾನಿಕ್ ಸೆನ್ಸರ್‌ನಿಂದ ಅಳೆಯಬಹುದು, ಅಥವಾ ತಳದಲ್ಲಿ ಒತ್ತಡದ ಸೆನ್ಸರ್ ಇಳಿಸಬಹುದು. ಒತ್ತಡದ ಸೆನ್ಸರ್ ಗಾಳಿಯ ಭಾರವನ್ನೂ ಸೇರಿಸಿ ಅಳೆಯುವಂಥದ್ದಾದರೆ ದಡದಲ್ಲಿ ಇನ್ನೊಂದು ವಾಯುಭಾರ ಮಾಪಕವನ್ನಿಟ್ಟು ಅದನ್ನು ಕಳೆಯಬೇಕಾಗುತ್ತದೆ. ಮಳೆಗಾಲದಲ್ಲಿ ನೀರು ಸಿಹಿಯಾಗಿ ಹಗುರವಾಗುವುದರಿಂದಲೂ ಒತ್ತಡದ ಲೆಕ್ಕ ತುಸು ಬದಲಾಗುತ್ತದೆ. ನಿಮ್ಮ ಜಾಗಕ್ಕೆ ಅಲ್ಟ್ರಾಸಾನಿಕ್ ಸೆನ್ಸರೇ ಹೆಚ್ಚು ಸರಳ. ಹತ್ತು ನಿಮಿಷಕ್ಕೊಮ್ಮೆ ಹಲವು ಅಳತೆಗಳ ಸರಾಸರಿಯನ್ನು ಮೆಮೊರಿ ಕಾರ್ಡಿಗೆ ಬರೆದರೆ ಸಾಕು. ಬಂದರು ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ.

ಎಷ್ಟು ಕಾಲ ಅಳೆಯಬೇಕೆಂಬುದಕ್ಕೆ ಒಂದು ನಿಯಮವಿದೆ. ಚಂದ್ರನ 12 ಗಂಟೆ 25 ನಿಮಿಷದ ಅಲೆಯನ್ನೂ ಸೂರ್ಯನ 12 ಗಂಟೆಯ ಅಲೆಯನ್ನೂ ಬೇರ್ಪಡಿಸಲು ಕನಿಷ್ಠ 15 ದಿನದ ಅಳತೆ ಬೇಕು, ಅಂದರೆ ಒಂದು ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ. ಚಂದ್ರ ಭೂಮಿಗೆ ಹತ್ತಿರ ಮತ್ತು ದೂರ ಆಗುವುದರ ಪರಿಣಾಮ ತಿಳಿಯಲು ಸುಮಾರು 28 ದಿನ ಬೇಕು. ದಿನಕ್ಕೊಮ್ಮೆಯ ಅಲೆಗಳಲ್ಲಿ ತೀರ ಹತ್ತಿರದ ಅವಧಿಯ ಎರಡನ್ನು ಬಿಡಿಸಲು ಆರು ತಿಂಗಳು ಬೇಕಾಗುತ್ತದೆ. ಆ ಅಳತೆಯನ್ನು ಬಿಡಿಸಿ ಕೊಡುವ ಯುಟೈಡ್ ಎಂಬ ಉಚಿತ ತಂತ್ರಾಂಶವಿದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಅದನ್ನು ನಡೆಸಬಲ್ಲರು. ಹೊಳೆಯ ನೀರು ಕಡಿಮೆ ಇರುವ ಜನವರಿಯಿಂದ ಮೇ ತಿಂಗಳ ನಡುವೆ ಮೊದಲ ಅಳತೆ ಮಾಡಿದರೆ ಉಬ್ಬರ ಮಾತ್ರ ಸ್ಪಷ್ಟವಾಗಿ ಸಿಗುತ್ತದೆ.

ಯಂತ್ರ ಇಡುವ ಮೊದಲೇ ಮಾಡಬಹುದಾದ ಇನ್ನೂ ಸರಳ ಕೆಲಸವೊಂದಿದೆ. ಅದೇ ಕಂಬಕ್ಕೆ ಹತ್ತು ಹತ್ತು ಸೆಂಟಿಮೀಟರಿಗೆ ಬಣ್ಣದ ಗುರುತು ಹಾಕಿ, ಹೊರಡುವಾಗ ಅದರ ಫೋಟೊ ತೆಗೆಯಿರಿ. ಫೋಟೊದಲ್ಲಿ ಸಮಯ ತಾನಾಗಿಯೇ ದಾಖಲಾಗುತ್ತದೆ. ಕಂಬದ ಮಟ್ಟ ಪಟ್ಟಿಯ ಜೊತೆ ಹೊಂದಿದ್ದು ಅಳಿವೆಯ ಬಾಯಲ್ಲಿ ಎಕೋ ಸೌಂಡರ್ ಮಾತ್ರ ಕಡಿಮೆ ತೋರಿಸಿದರೆ ಮರಳು ಏರಿದೆ ಎಂದು ಅರ್ಥ. ಕಂಬದಲ್ಲಿಯೂ ಅಷ್ಟೇ ಕಡಿಮೆಯಿದ್ದರೆ ಅಂದು ಸಮುದ್ರವೇ ತಗ್ಗಿದೆ.

ಕಾಸರಕೋಡು ದೋಣಿ

ಕಂಬಕ್ಕೆ ಗುರುತು ಹಾಕುವ ಕೆಲಸವನ್ನು ಈ ಅಮಾವಾಸ್ಯೆಯ ಇಳಿತದಲ್ಲಿ, ಕಂಬದ ಬುಡ ಕಾಣುವ ಹೊತ್ತಿನಲ್ಲಿ ಮಾಡುತ್ತೇವೆ. ಪಕ್ಕದ ದೋಣಿಗಳವರೂ ತಮ್ಮ ಎಕೋ ಸೌಂಡರ್ ಅಂಕಿಗಳನ್ನು ಸಮಯದೊಂದಿಗೆ ಬರೆದು ಕೊಡಲು ಒಪ್ಪಿದ್ದಾರೆ. ಸೆನ್ಸರ್ ಅವರೇ, ಪೈಪಿನ ಕೆಳಗಿನ ತೂತು ಪೈಪಿನ ಅಗಲಕ್ಕೆ ಹೋಲಿಸಿದರೆ ಎಷ್ಟಿರಬೇಕು, ಅದರಲ್ಲಿ ಹೂಳು ಮತ್ತು ಚಿಪ್ಪು ಕಟ್ಟಿಕೊಳ್ಳದಂತೆ ಏನು ಮಾಡಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಸೆನ್ಸರ್ ಕೆಲಸದವನು

ತೂತಿನ ಅಡ್ಡಳತೆ ಪೈಪಿನ ಅಡ್ಡಳತೆಯ ಹತ್ತನೆಯ ಒಂದು ಭಾಗದಷ್ಟಿರಲಿ. 15 ಸೆಂಟಿಮೀಟರ್ ಪೈಪಿಗೆ 1.5 ಸೆಂಟಿಮೀಟರ್. ತೂತನ್ನು ತೀರ ತಳದಲ್ಲಿ ಮಾಡದೆ, ಹೂಳು ನಿಲ್ಲುವ ಮಟ್ಟಕ್ಕಿಂತ ಮೇಲೆ, ಆದರೆ ಅತಿ ದೊಡ್ಡ ಇಳಿತದಲ್ಲಿಯೂ ನೀರಿನೊಳಗೇ ಇರುವಂತೆ ಮಾಡಿ. ತೂತಿನ ಸುತ್ತ ತಾಮ್ರದ ತಗಡಿನ ಬಳೆ ಕೂರಿಸಿದರೆ ಚಿಪ್ಪು ಬೇಗ ಹಿಡಿಯುವುದಿಲ್ಲ. ಆದರೂ ಪ್ರತಿ ದೊಡ್ಡ ಇಳಿತದ ದಿನ ಒಂದು ಕಡ್ಡಿ ಹಾಕಿ ತೂತನ್ನು ಶುಚಿಮಾಡಿ, ಪೈಪಿನ ಒಳಗಿನ ಮತ್ತು ಹೊರಗಿನ ನೀರು ಒಂದೇ ಮಟ್ಟದಲ್ಲಿದೆಯೇ ಎಂದು ನೋಡಿ ಬರೆದಿಡಿ.